ಮಂಡ್ಯ ಸೀಮೆಯ ಕಲ್ಲುಗಳನ್ನು ಓದಿಸಿದ ಬಿ.ಎಲ್. ರೈಸ್

ಹನಕೆರೆ (ಮಂಡ್ಯ): ಬೆಂಗಳೂರಿನಿಂದ ಮೈಸೂರಿಗೆ ರೈಲಿನಲ್ಲಿ ಹೊರಟವರಿಗೆ ಮದ್ದೂರು ದಾಟಿದ ಮೇಲೆ, ಮಂಡ್ಯ ಬರುವುದಕ್ಕೆ ಮೊದಲು ಹನಕೆರೆ ಎಂಬ ಸಣ್ಣ ನಿಲ್ದಾಣ ಎದುರಾಗುತ್ತದೆ. ಮದ್ದೂರಿನ ವಡೆಯ ರುಚಿ ನಾಲಿಗೆಯಿಂದ ಇಳಿಯುವ ಮುನ್ನವೇ ಕಿಟಕಿಯಾಚೆ ಸರಿದುಹೋಗುವ ಊರು ಅದು. ಈ ಹಾದಿಯ ಎರಡೂ ಬದಿಗೆ, ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳ ಹಳ್ಳಿ ಹಳ್ಳಿಗಳಲ್ಲಿ, ಗುಡಿಯ ಮುಂದೆ, ಕೆರೆಯ ಏರಿಯ ಮೇಲೆ, ಹೊಲದ ಬದುವಿನಲ್ಲಿ ಅಕ್ಷರ ಕೊರೆದ ಕಲ್ಲುಗಳು ನಿಂತಿವೆ. ಗಂಗರು, ಚೋಳರು, ಹೊಯ್ಸಳರು ಆಳಿದ ಕಾಲದಲ್ಲಿ ಇಲ್ಲಿನ ನಾಡಪ್ರಭುಗಳು, ದಂಡನಾಯಕರು, ಗಾವುಂಡರು ದೇವರಿಗೆ ಬಿಟ್ಟ ಭೂಮಿಯ ಲೆಕ್ಕ ಅವುಗಳಲ್ಲಿದೆ. ನೂರಾರು ವರ್ಷ ಯಾರೂ ಓದಲಾಗದೆ ನಿಂತಿದ್ದ ಆ ಲೆಕ್ಕಪತ್ರವನ್ನು ಲೋಕಕ್ಕೆ ಓದಿ ಹೇಳಿದ ವ್ಯಕ್ತಿಯೊಬ್ಬರು ಬೆಂಗಳೂರಿನಲ್ಲೇ ಹುಟ್ಟಿದ ಇಂಗ್ಲಿಷರು. ಅವರೇ ಬೆಂಜಮಿನ್ ಲೂಯಿಸ್ ರೈಸ್. ಕನ್ನಡಿಗರ ಬಾಯಲ್ಲಿ ಬಿ.ಎಲ್. ರೈಸ್.

ರೈಸ್ ಅವರ ಹೆಸರನ್ನು ಕೇಳದ ಕನ್ನಡ ಅಧ್ಯಾಪಕರಿಲ್ಲ. ಆದರೆ ಅವರ ಬದುಕಿನ ಬಗ್ಗೆ ತಿಳಿದವರು ಕಡಿಮೆ. ಎಪಿಗ್ರಾಫಿಯಾ ಕರ್ನಾಟಿಕಾ ಎಂಬ ಹೆಸರಿನ ದಪ್ಪ ದಪ್ಪ ಸಂಪುಟಗಳ ಹಿಂದೆ ಮನುಷ್ಯ ಮರೆಯಾಗಿಬಿಟ್ಟಿದ್ದಾರೆ.

ಅವರ ತಂದೆ ರೆವರೆಂಡ್ ಬೆಂಜಮಿನ್ ರೈಸ್, ಲಂಡನ್ ಮಿಷನರಿ ಸೊಸೈಟಿಯ ಪಾದ್ರಿ. 1837ರಲ್ಲಿ ಬೆಂಗಳೂರಿಗೆ ಬಂದವರು ಜೀವನದ ಕೊನೆಯವರೆಗೂ ಇಲ್ಲಿಯೇ ಉಳಿದರು. ಅವಿನ್ಯೂ ರಸ್ತೆಯ ಗದ್ದಲದ ನಡುವೆ ಇಂದಿಗೂ ಇರುವ ರೈಸ್ ಸ್ಮಾರಕ ಚರ್ಚ್ ಈ ತಂದೆಯ ನೆನಪಿನದು, ಮಗನದಲ್ಲ. ಪುಸ್ತಕ ಕೊಳ್ಳಲು ಅಲ್ಲಿಗೆ ಹೋಗುವ ಅನೇಕರು ಇಬ್ಬರನ್ನೂ ಒಬ್ಬರೆಂದೇ ತಿಳಿದಿರುತ್ತಾರೆ. ಮಗ ಲೂಯಿಸ್ ಜನಿಸಿದ್ದು ಅದೇ 1837ರ ಜುಲೈ 17ರಂದು. ತಮ್ಮ ಎಡ್ವರ್ಡ್ ಪೀಟರ್ ರೈಸ್ ಕೂಡ ಕನ್ನಡಕ್ಕೆ ಬೇಕಾದವರೇ. ಕನ್ನಡ ಸಾಹಿತ್ಯದ ಚರಿತ್ರೆಯನ್ನು ಇಂಗ್ಲಿಷಿನಲ್ಲಿ ಬರೆದು 1915ರಲ್ಲಿ ಪ್ರಕಟಿಸಿದವರು ಅವರು.

ಓದಿಗಾಗಿ ಇಂಗ್ಲೆಂಡಿಗೆ ಹೋದ ಲೂಯಿಸ್ ರೈಸ್ ಪದವಿ ಪಡೆದು 1860ರಲ್ಲಿ ಹುಟ್ಟಿದೂರಿಗೆ ಮರಳಿದರು. ಬಂದದ್ದು ಪಾದ್ರಿಯಾಗಿ ಅಲ್ಲ, ಮೇಷ್ಟರಾಗಿ. ಮುಂದೆ ಸೆಂಟ್ರಲ್ ಕಾಲೇಜು ಎಂದು ಹೆಸರಾದ ಬೆಂಗಳೂರು ಹೈಸ್ಕೂಲಿಗೆ ಅವರು ಮುಖ್ಯಸ್ಥರಾದರು. 1865ರಲ್ಲಿ ಮೈಸೂರು ಮತ್ತು ಕೊಡಗು ಪ್ರಾಂತ್ಯಗಳ ಶಾಲಾ ತನಿಖಾಧಿಕಾರಿಯ ಹುದ್ದೆ ದೊರೆಯಿತು. 1868ರಲ್ಲಿ ಸಾರ್ವಜನಿಕ ಶಿಕ್ಷಣ ಇಲಾಖೆಯ ನಿರ್ದೇಶಕರಾದರು. ಹೋಬಳಿಗೊಂದು ಸರ್ಕಾರಿ ಶಾಲೆ ಇರಬೇಕೆಂಬ ಯೋಜನೆ ಜಾರಿಗೆ ಬಂದದ್ದು ಅವರ ಕಾಲದಲ್ಲಿ. ನಮ್ಮ ಅಜ್ಜಂದಿರ ಅಜ್ಜಂದಿರು ಮರಳಿನ ಮೇಲೆ ಬೆರಳಾಡಿಸಿ ಅಕ್ಷರ ಕಲಿಯುತ್ತಿದ್ದ ಕೂಲಿಮಠಗಳ ಜಾಗಕ್ಕೆ ಸರ್ಕಾರಿ ಶಾಲೆ ಬಂದ ಕಥೆಯಲ್ಲಿ ರೈಸ್ ಅವರ ಪಾಲು ದೊಡ್ಡದು. ಶಾಸನಗಳ ಖ್ಯಾತಿಯ ಅಬ್ಬರದಲ್ಲಿ ಈ ಕೆಲಸವನ್ನು ಯಾರೂ ನೆನೆಯುವುದಿಲ್ಲ ಎಂಬುದು ಅನ್ಯಾಯವೇ ಸರಿ.

ಶಾಲಾ ತನಿಖೆಯೆಂದರೆ ಆಗ ತಿಂಗಳುಗಟ್ಟಲೆ ಸಂಚಾರ. ಬೆಂಗಳೂರು–ಮೈಸೂರು ರೈಲು ಹಾದಿ ಸಿದ್ಧವಾದದ್ದು 1881-82ರ ಹೊತ್ತಿಗೆ. ಅದಕ್ಕೂ ಮುಂಚೆ ಕುದುರೆ, ಎತ್ತಿನ ಗಾಡಿ, ಡೇರೆಗಳೇ ಗತಿ. ಹೋದ ಹೋದ ಊರುಗಳಲ್ಲಿ ಅಕ್ಷರದ ಕಲ್ಲುಗಳು ಕಣ್ಣಿಗೆ ಬೀಳುತ್ತಿದ್ದವು. ಹಳ್ಳಿಯವರಲ್ಲಿ ಕೆಲವರು ಅವು ನಿಧಿಯ ಗುರುತೆಂದು ನಂಬಿದ್ದರು, ಕೆಲವರು ದೇವರೆಂದು ಅರಿಸಿನ ಕುಂಕುಮ ಹಚ್ಚುತ್ತಿದ್ದರು, ಇನ್ನು ಕೆಲವರು ಬಟ್ಟೆ ಒಗೆಯುತ್ತಿದ್ದರು.

ಮೊದಲ ಹೆಜ್ಜೆಗೆ ಕಾರಣವಾದದ್ದು ಫೋಟೋಗಳು. ಮೇಜರ್ ಡಿಕ್ಸನ್ ಎಂಬ ಸೈನ್ಯಾಧಿಕಾರಿ 1865ರ ಸುಮಾರಿಗೆ ಸರ್ಕಾರದ ಪರವಾಗಿ ಮೈಸೂರು ಸೀಮೆಯ ಶಾಸನಗಳ ಛಾಯಾಚಿತ್ರಗಳನ್ನು ತೆಗೆದಿದ್ದರು. ಚಿತ್ರಗಳು ಇದ್ದವು, ಅರ್ಥ ಹೇಳುವವರು ಇರಲಿಲ್ಲ. ಆ ಹೊಣೆ ರೈಸ್ ಅವರ ಪಾಲಿಗೆ ಬಂತು. ಪಂಡಿತರ ನೆರವಿನಿಂದ ಹಳಗನ್ನಡದ ಲಿಪಿಯನ್ನು ಬಿಡಿಸುತ್ತಾ, ತಮ್ಮ ಕಚೇರಿಯ ಕೆಲಸದ ನಡುವೆಯೇ ಅನುವಾದಿಸುತ್ತಾ ಹೋದರು. 1879ರಲ್ಲಿ ಮೈಸೂರ್ ಇನ್‌ಸ್ಕ್ರಿಪ್ಷನ್ಸ್ ಎಂಬ ಗ್ರಂಥ ಹೊರಬಂತು. ಅದೇ ಹೊತ್ತಿನಲ್ಲಿ ಮೈಸೂರು ಮತ್ತು ಕೊಡಗಿನ ಗೆಜೆಟಿಯರ್ ಬರೆದು ಮುಗಿಸಿದ್ದರು. 1881ರ ಜನಗಣತಿಯ ಹೊಣೆಯನ್ನೂ ಹೊತ್ತರು. ಒಬ್ಬ ಮನುಷ್ಯನ ದಿನಕ್ಕೆ ಎಷ್ಟು ಗಂಟೆಗಳಿದ್ದವೋ!

1881ರಲ್ಲಿ ಮೈಸೂರು ಸಂಸ್ಥಾನ ಮತ್ತೆ ಒಡೆಯರ ಕೈಗೆ ಬಂದಿತು. ಆಡಳಿತ ಬದಲಾದರೂ ರೈಸ್ ಉಳಿದರು. 1885ರಲ್ಲಿ ಸಂಸ್ಥಾನ ತನ್ನದೇ ಆದ ಪುರಾತತ್ವ ಇಲಾಖೆಯನ್ನು ಆರಂಭಿಸಿದಾಗ ಅದರ ನಿರ್ದೇಶಕರಾದರು. 1890ರಿಂದ ಅದೇ ಅವರ ಪೂರ್ಣಾವಧಿಯ ಕೆಲಸವಾಯಿತು. ಆಗ ವಯಸ್ಸು 53. ಸಾಮಾನ್ಯ ನೌಕರ ನಿವೃತ್ತಿಯ ದಿನ ಎಣಿಸುವ ಪ್ರಾಯದಲ್ಲಿ ಅವರ ಮುಖ್ಯ ಕೆಲಸ ಶುರುವಾಯಿತು.

ಕೆಲಸದ ಕ್ರಮ ಕೇಳಲು ಸರಳ, ಮಾಡಲು ಕಠಿಣ. ಕಲ್ಲಿನ ಮೇಲಿನ ಪಾಚಿ, ಎಣ್ಣೆಯ ಜಿಡ್ಡು, ಸುಣ್ಣ ತೆಗೆದು ತೊಳೆಯಬೇಕು. ಒದ್ದೆ ಕಾಗದವನ್ನು ಮೇಲೆ ಹರಡಿ, ಅಕ್ಷರದ ಕುಳಿಗಳೊಳಗೆ ಇಳಿಯುವಂತೆ ಬ್ರಷ್ಷಿನಿಂದ ಹೊಡೆಯಬೇಕು. ಬಳಿಕ ಶಾಯಿ ಸವರಿದರೆ ಕಪ್ಪು ನೆಲದಲ್ಲಿ ಬಿಳಿಯ ಅಕ್ಷರಗಳು ಮೂಡುತ್ತವೆ. ಇದೇ ಪಡಿಯಚ್ಚು. ಗಾಳಿ ಬೀಸಿದರೆ ಕಾಗದ ಹರಿಯುತ್ತದೆ, ಬಿಸಿಲು ಹೆಚ್ಚಾದರೆ ಬೇಗ ಒಣಗಿ ಕಳಚುತ್ತದೆ. ಎಲ್ಲ ಕಲ್ಲುಗಳಿಗೂ ಇದು ಸಾಧ್ಯವಾಗುತ್ತಿರಲಿಲ್ಲ. ಹಲವೆಡೆ ಕಣ್ಣಿನಿಂದ ನೋಡಿ ಕೈಯಿಂದ ನಕಲು ಮಾಡಿಕೊಳ್ಳಬೇಕಾಗುತ್ತಿತ್ತು. ಅರ್ಧ ನೆಲದಲ್ಲಿ ಹೂತ ಕಲ್ಲನ್ನು ಅಗೆಯಬೇಕು, ಗೋಡೆಗೆ ಸೇರಿದ ಕಲ್ಲಿನ ಮರೆಯಾದ ಸಾಲುಗಳನ್ನು ಊಹಿಸಬೇಕು. ಹೀಗೆ ತಂದ ಪಾಠವನ್ನು ಕಚೇರಿಯ ಪಂಡಿತರು ಓದಿ, ತಿದ್ದಿ, ಕನ್ನಡ ಲಿಪಿಯಲ್ಲಿ ಮತ್ತು ರೋಮನ್ ಲಿಪಿಯಲ್ಲಿ ಬರೆದ ಮೇಲೆ ಇಂಗ್ಲಿಷ್ ಅನುವಾದ ಸಿದ್ಧವಾಗುತ್ತಿತ್ತು.

1886ರಲ್ಲಿ ಕೊಡಗಿನ ಶಾಸನಗಳು, 1889ರಲ್ಲಿ ಶ್ರವಣಬೆಳಗೊಳದ ಶಾಸನಗಳು ಅಚ್ಚಾದವು. 1894ರಲ್ಲಿ ಮೂರನೆಯ ಸಂಪುಟ ಬಂತು. ಮಂಡ್ಯ ಸೀಮೆಯವರಿಗೆ ಬಹಳ ಮುಖ್ಯವಾದ ಸಂಪುಟ ಇದೇ. ಮಂಡ್ಯ ಆಗಿನ್ನೂ ಜಿಲ್ಲೆಯಲ್ಲ, ಜಿಲ್ಲೆಯಾದದ್ದು 1939ರಲ್ಲಿ. ಮೈಸೂರು ಜಿಲ್ಲೆಯ ಮೊದಲ ಭಾಗವೆಂದು ಪ್ರಕಟವಾದ ಆ ಸಂಪುಟದಲ್ಲಿ ಮೈಸೂರು, ಶ್ರೀರಂಗಪಟ್ಟಣ, ಮಂಡ್ಯ, ಮಳವಳ್ಳಿ, ತಿರುಮಕೂಡಲು ನರಸೀಪುರ, ನಂಜನಗೂಡು ತಾಲ್ಲೂಕುಗಳ ಶಾಸನಗಳಿವೆ. ಮದ್ದೂರಿನ ಸುತ್ತಲಿನ ಹಳ್ಳಿಗಳು ಮಂಡ್ಯದ ಲೆಕ್ಕದಲ್ಲೇ ಸೇರಿವೆ.

ಆ ಸಂಪುಟದ ಪುಟ ತಿರುವಿದರೆ ಕಾಣುವುದು ಬಹುತೇಕ ದಾನಗಳು. ಇಂಥ ವರ್ಷ, ಇಂಥ ತಿಥಿ, ಇಂಥ ಅರಸ ಆಳುತ್ತಿರಲು, ಇಂಥ ಊರಿನ ಪ್ರಭು ದೇವರ ನಂದಾದೀಪಕ್ಕೆ, ನೈವೇದ್ಯಕ್ಕೆ, ಗುಡಿಯ ಜೀರ್ಣೋದ್ಧಾರಕ್ಕೆ ಧಾರೆಯೆರೆದು ಬಿಟ್ಟ ಗದ್ದೆ ಎಷ್ಟು, ಬೆದ್ದಲು ಎಷ್ಟು, ಅದರ ನಾಲ್ಕು ಎಲ್ಲೆಗಳು ಯಾವುವು ಎಂಬ ವಿವರ. ಗದ್ದೆ ಯಾವಾಗಲೂ ಕೆರೆಯ ಕೆಳಗೆ. ಭೂಮಿಯ ಅಳತೆ ಎಕರೆಯಲ್ಲಲ್ಲ, ಬಿತ್ತುವ ಬೀಜದ ಖಂಡುಗ, ಕೊಳಗಗಳಲ್ಲಿ. ಕೆರೆ ಕಟ್ಟಿಸಿದವನಿಗೆ, ಅದನ್ನು ನೋಡಿಕೊಳ್ಳುವವನಿಗೆ ಬಿಟ್ಟ ಭೂಮಿಗೆ ಕೊಡಗಿ ಎಂಬ ಹೆಸರು. ಕೊನೆಯಲ್ಲಿ ಶಾಪ. ಈ ಧರ್ಮವನ್ನು ಕೆಡಿಸಿದವನು ಗಂಗೆಯ ತಡಿಯಲ್ಲಿ ಕವಿಲೆಯನ್ನು ಕೊಂದ ಪಾಪಕ್ಕೆ ಹೋಗುತ್ತಾನೆಂಬುದು ರೂಢಿಯ ಮಾತು. ಕೃಷ್ಣರಾಜಸಾಗರದ ನಾಲೆ ಬರುವ ಮುನ್ನ ಈ ಸೀಮೆ ಕೆರೆಗಳನ್ನೇ ನಂಬಿ ಬದುಕಿದ್ದು ಹೇಗೆಂದು ತಿಳಿಯಲು ಈ ದಾನಪತ್ರಗಳಿಗಿಂತ ಒಳ್ಳೆಯ ದಾಖಲೆ ಇಲ್ಲ. ಹೆಸರಿನಲ್ಲೇ ಕೆರೆಯನ್ನು ಇಟ್ಟುಕೊಂಡ ಹನಕೆರೆಯಂಥ ಊರುಗಳು ಇಲ್ಲಿ ಎಷ್ಟೊಂದು ಇವೆ ಎಂಬುದನ್ನು ಗಮನಿಸಿದರೂ ಸಾಕು.

ಮಂಡ್ಯ ತಾಲ್ಲೂಕಿನ ಬಸರಾಳಿನ ಮಲ್ಲಿಕಾರ್ಜುನ ದೇವಾಲಯದ ಶಾಸನಗಳು ಈ ಬಗೆಗೆ ಒಳ್ಳೆಯ ಮಾದರಿ. ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಹರಿಹರ 1234ರಲ್ಲಿ ಗುಡಿ ಕಟ್ಟಿಸಿ ಭೂಮಿ ಬಿಟ್ಟ. 1237ರ ಇನ್ನೊಂದು ಶಾಸನ ಮತ್ತೂ ದಾನಗಳನ್ನು ಹೇಳುತ್ತದೆ. ಗುಡಿಯ ಶಿಲ್ಪವನ್ನು ನೋಡಿ ಹೊಗಳುವ ಪ್ರವಾಸಿಗರು ಕಲ್ಲಿನ ಮೇಲಿನ ಲೆಕ್ಕದತ್ತ ತಿರುಗಿ ನೋಡುವುದು ಅಪರೂಪ.

ಆದರೆ ಈ ಸೀಮೆಯ ಶಾಸನಗಳಲ್ಲೆಲ್ಲ ಹೆಚ್ಚು ಹೆಸರಾದದ್ದು ಮದ್ದೂರು ತಾಲ್ಲೂಕಿನ ಆತಕೂರಿನದು. ಇಂದಿನ ಆತಗೂರು. ಶಕವರ್ಷ 872, ಅಂದರೆ ಕ್ರಿ.ಶ. 949-50ರ ಈ ಕಲ್ಲು ಚಲ್ಲೇಶ್ವರನ ಗುಡಿಯ ಮುಂದೆ ಇತ್ತು. ರಾಷ್ಟ್ರಕೂಟ ಮೂರನೆಯ ಕೃಷ್ಣ ತಕ್ಕೋಲದ ಯುದ್ಧದಲ್ಲಿ ಚೋಳರನ್ನು ಸೋಲಿಸಿದ್ದು, ಅವನ ಪರವಾಗಿ ಹೋರಾಡಿದ ಗಂಗರ ಇಮ್ಮಡಿ ಬೂತುಗ ಚೋಳ ರಾಜಕುಮಾರ ರಾಜಾದಿತ್ಯನನ್ನು ಕೊಂದದ್ದು, ಅದಕ್ಕೆ ಪ್ರತಿಯಾಗಿ ಬೂತುಗನಿಗೆ ಬನವಾಸಿ, ಬೆಳ್ವೊಲ ಮುಂತಾದ ನಾಡುಗಳು ದೊರೆತದ್ದು ಎಲ್ಲವೂ ಅದರಲ್ಲಿದೆ. ದಕ್ಷಿಣ ಭಾರತದ ಚರಿತ್ರೆಯ ದಿಕ್ಕು ತಿರುಗಿಸಿದ ಒಂದು ಯುದ್ಧದ ಸಾಕ್ಷ್ಯ ಮದ್ದೂರಿನ ಪಕ್ಕದ ಹಳ್ಳಿಯೊಂದರಲ್ಲಿ ಸಿಕ್ಕಿತು.

ಅದಕ್ಕಿಂತ ಸ್ವಾರಸ್ಯದ ಸಂಗತಿಯೆಂದರೆ ಆ ಕಲ್ಲು ನೆಟ್ಟದ್ದು ಯುದ್ಧಕ್ಕಾಗಿಯಲ್ಲ, ಒಂದು ನಾಯಿಗಾಗಿ. ಬೂತುಗನ ಕಡೆಯ ವೀರ ಮಣಲೇರ ಯುದ್ಧದಲ್ಲಿ ಪರಾಕ್ರಮ ತೋರಿದ. ಮೆಚ್ಚಿ ಏನು ಬೇಕೋ ಕೇಳೆಂದಾಗ ಅವನು ಊರನ್ನೋ ಹೊನ್ನನ್ನೋ ಕೇಳದೆ ಕಾಳಿ ಎಂಬ ಬೇಟೆನಾಯಿಯನ್ನು ಕೇಳಿ ಪಡೆದ. ಬೆಳತೂರಿನ ಬೆಟ್ಟದ ಪಡುವಣ ದಿಕ್ಕಿನಲ್ಲಿ ಆ ನಾಯಿಯನ್ನು ದೊಡ್ಡ ಹಂದಿಯೊಂದರ ಮೇಲೆ ಬಿಡಲಾಗಿ, ನಾಯಿಯೂ ಹಂದಿಯೂ ಕಾದಾಡಿ ಒಟ್ಟಿಗೇ ಸತ್ತವು. ಮಣಲೇರ ಕಲ್ಲು ನಿಲ್ಲಿಸಿದ, ಎರಡು ಖಂಡುಗ ಭೂಮಿ ಬಿಟ್ಟ. ಆ ಭೂಮಿಯನ್ನು ಉಣ್ಣುವ ಗೊರವ, ಅಂದರೆ ಶೈವ ಪೂಜಾರಿ, ಕಲ್ಲನ್ನು ಪೂಜಿಸದೆ ಊಟ ಮಾಡಿದರೆ ನಾಯಿ ಮಾಡಿದ ಪಾಪಕ್ಕೆ ಗುರಿಯಾಗುತ್ತಾನೆಂಬ ಕಟ್ಟಳೆಯನ್ನೂ ಕೊರೆಸಿದ. ನಾಯಿ ಹಂದಿಗಳ ಕಾದಾಟದ ಚಿತ್ರ ಕಲ್ಲಿನ ಮೇಲಿದೆ. ಮಣಲೇರನಿಗೆ ಆತಕೂರು ಹನ್ನೆರಡು ಮತ್ತು ಬೆಳ್ವೊಲದ ಒಂದು ಊರು ಬಾಳ್ಗಚ್ಚಾಗಿ, ಎಂದರೆ ಕತ್ತಿ ತೊಳೆದು ಕೊಡುವ ದಾನವಾಗಿ ಸಿಕ್ಕಿದ್ದೂ ಅದೇ ಕಲ್ಲಿನಲ್ಲಿದೆ.

ಈ ಶಾಸನದ ಒಂದು ಪದ ವಿದ್ವಾಂಸರನ್ನು ಬಹುದಿನ ಕಾಡಿತು. ಬಿಸುಗೆ ಎಂಬ ಆ ಪದಕ್ಕೆ ಅಪ್ಪುಗೆ ಎಂಬಂಥ ಅರ್ಥ ಮಾಡಿದ ಮೊದಲ ಓದಿನಲ್ಲಿ, ಬೂತುಗನು ರಾಜಾದಿತ್ಯನನ್ನು ಆಲಿಂಗಿಸುವ ನೆಪದಲ್ಲಿ ಮೋಸದಿಂದ ಇರಿದು ಕೊಂದನೆಂಬ ಚಿತ್ರ ಮೂಡಿತು. ಮುಂದೆ ಜೆ.ಎಫ್. ಫ್ಲೀಟ್ ಅವರು ಎಪಿಗ್ರಾಫಿಯಾ ಇಂಡಿಕಾದಲ್ಲಿ ಶಾಸನವನ್ನು ಮತ್ತೆ ಪರಿಶೀಲಿಸಿದಾಗ ಬಿಸುಗೆ ಎಂದರೆ ಆನೆಯ ಮೇಲಣ ಅಂಬಾರಿ ಎಂಬುದು ಸ್ಪಷ್ಟವಾಯಿತು. ಬೂತುಗ ಅಂಬಾರಿಯನ್ನೇ ರಣರಂಗ ಮಾಡಿಕೊಂಡು ಕಾದಿ ಕೊಂದನೆಂಬುದು ಸರಿಯಾದ ಅರ್ಥ. ರಾಜಾದಿತ್ಯ ಆನೆಯ ಮೇಲಿದ್ದಾಗಲೇ ಸತ್ತನೆಂದು ಚೋಳರ ತಾಮ್ರಪಟವೂ ಹೇಳುತ್ತದೆ. ಹತ್ತು ಶತಮಾನಗಳ ಹಿಂದಿನ ವೀರನೊಬ್ಬ ಒಂದು ಪದದ ದೆಸೆಯಿಂದ ಕೆಲವು ವರ್ಷ ವಂಚಕನೆನಿಸಿಕೊಂಡ. ಶಾಸನ ಓದುವ ಕೆಲಸದಲ್ಲಿ ಒಂದು ಅಕ್ಷರದ ತೂಕ ಎಷ್ಟೆಂದು ಇದರಿಂದ ಊಹಿಸಬಹುದು.

ಫ್ಲೀಟ್ ಅವರ ಹೆಸರು ಬಂದಾಗ ಒಂದು ಜಗಳವನ್ನು ಹೇಳದೆ ಇರಲಾಗದು. ಮುಂಬಯಿ ಪ್ರಾಂತ್ಯದ ಅಧಿಕಾರಿಯಾಗಿದ್ದ ಫ್ಲೀಟ್, ಬಹು ಎಚ್ಚರದ, ಕಟುವಾದ ವಿಮರ್ಶಕ. ಗಂಗರ ಹಳೆಯ ತಾಮ್ರಶಾಸನಗಳಲ್ಲಿ ಬಹುಪಾಲು ನಕಲಿ, ಅವುಗಳನ್ನು ನಂಬಿ ಗಂಗರ ವಂಶಾವಳಿ ಕಟ್ಟುವುದು ತಪ್ಪು ಎಂಬುದು ಅವರ ವಾದ. ರೈಸ್ ಒಪ್ಪಲಿಲ್ಲ. ವರ್ಷಗಟ್ಟಲೆ ಇಬ್ಬರೂ ಲೇಖನಗಳಲ್ಲಿ ಕಾದಾಡಿದರು. ಇಂದು ಹಿಂತಿರುಗಿ ನೋಡಿದರೆ ಇಬ್ಬರಲ್ಲೂ ಸತ್ಯವಿತ್ತು. ನಕಲಿ ತಾಮ್ರಪಟಗಳು ಇದ್ದದ್ದು ನಿಜ. ಹಾಗೆಂದು ಗಂಗರ ಪ್ರಾಚೀನತೆಯೇ ಸುಳ್ಳಾಗಲಿಲ್ಲ, ನಿಜವಾದ ಶಾಸನಗಳು ಅದನ್ನು ಸಮರ್ಥಿಸಿದವು. ರೈಸ್ ಅವರಲ್ಲಿ ಅವಸರವಿತ್ತು, ಓದಿನಲ್ಲಿ ದೋಷಗಳಿದ್ದವು ಎಂಬುದನ್ನು ಅವರ ಅಭಿಮಾನಿಗಳೂ ಅಲ್ಲಗಳೆಯುವುದಿಲ್ಲ. ಆದರೆ ಒಂದೊಂದು ಶಾಸನವನ್ನೂ ದೋಷವಿಲ್ಲದಂತೆ ತಿದ್ದುತ್ತಾ ಕುಳಿತಿದ್ದರೆ ಒಂದು ತಾಲ್ಲೂಕೂ ಮುಗಿಯುತ್ತಿರಲಿಲ್ಲ. ಕಲ್ಲುಗಳು ಕಾಯುವುದಿಲ್ಲ, ಸೇತುವೆಗೆ, ಮೆಟ್ಟಿಲಿಗೆ, ಮನೆಯ ಪಾಯಕ್ಕೆ ಹೋಗುತ್ತವೆ. ಮೊದಲು ದಾಖಲಿಸುವ ದಾರಿಯನ್ನು ಅವರು ಆರಿಸಿಕೊಂಡರು. ನನ್ನ ಮಟ್ಟಿಗೆ ಅದು ಸರಿಯಾದ ಆಯ್ಕೆಯೇ ಆಗಿತ್ತು.

ಗಂಗರ ಚರಿತ್ರೆಯ ಈ ಹುಡುಕಾಟದಿಂದ ಮಂಡ್ಯ ಮೈಸೂರು ಸೀಮೆಯ ಜನರಿಗೆ ನೇರವಾಗಿ ಸಂಬಂಧಿಸಿದ ಒಂದು ವಿಷಯವೂ ಹೊರಬಂತು. ಗಂಗರ ನಾಡಿಗೆ ಗಂಗವಾಡಿ ತೊಂಬತ್ತಾರು ಸಾಸಿರ ಎಂಬ ಹೆಸರಿತ್ತು. ಇಲ್ಲಿನ ದೊಡ್ಡ ಕೃಷಿಕ ಸಮುದಾಯವಾದ ಗಂಗಡಿಕಾರ ಒಕ್ಕಲಿಗರ ಹೆಸರು ಗಂಗವಾಡಿಕಾರ ಎಂಬುದರಿಂದ ಬಂದದ್ದೆಂದು ರೈಸ್ ವಿವರಿಸಿದರು. ಸಾವಿರ ವರ್ಷಗಳ ಹಿಂದೆ ಅಳಿದ ರಾಜ್ಯವೊಂದರ ಹೆಸರನ್ನು ಅದರ ಒಕ್ಕಲು ಮಕ್ಕಳು ಅರಿವಿಲ್ಲದೆಯೇ ಉಳಿಸಿಕೊಂಡು ಬಂದಿದ್ದರು.

1892ರಲ್ಲಿ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಬೆಟ್ಟಗಳಲ್ಲಿ ಅಶೋಕನ ಶಾಸನಗಳನ್ನು ಅವರು ಪತ್ತೆ ಮಾಡಿದರು. ಮೌರ್ಯರ ಆಳ್ವಿಕೆ ಮೈಸೂರಿನವರೆಗೂ ಚಾಚಿತ್ತೆಂಬುದು ಅದರಿಂದ ಖಚಿತವಾಯಿತು. ಆ ಶಾಸನ ಬರೆದ ಚಪಡ ಎಂಬ ಲಿಪಿಕಾರ ಕೊನೆಯ ಪದವನ್ನು ವಾಯವ್ಯ ಭಾರತದ ಖರೋಷ್ಠಿ ಲಿಪಿಯಲ್ಲಿ ಬರೆದಿದ್ದಾನೆ. ಗಾಂಧಾರದ ಕಡೆಯ ಗುಮಾಸ್ತನೊಬ್ಬ ಚಿತ್ರದುರ್ಗದ ಬಂಡೆಯ ಮೇಲೆ ತನ್ನ ಊರಿನ ಅಕ್ಷರ ಬಿಟ್ಟುಹೋಗಿದ್ದ.

ಹಳೆಯ ಗ್ರಂಥಗಳ ಕೆಲಸವೂ ಜೊತೆಗೇ ಸಾಗಿತ್ತು. ಬಿಬ್ಲಿಯೋಥಿಕಾ ಕರ್ನಾಟಿಕಾ ಮಾಲೆಯಲ್ಲಿ ಕರ್ಣಾಟಕ ಭಾಷಾಭೂಷಣ, ಶಬ್ದಾನುಶಾಸನ, ಪಂಪ ರಾಮಾಯಣ, ಪಂಪ ಭಾರತಗಳು ಅಚ್ಚಾದವು. ಕೆ.ಬಿ. ಪಾಠಕ್ ಅವರು ಸಂಪಾದಿಸಿದ ಕವಿರಾಜಮಾರ್ಗ 1898ರಲ್ಲಿ ಇದೇ ಮಾಲೆಯಲ್ಲಿ ಬಂತು. ಕನ್ನಡ ವಿದ್ಯಾರ್ಥಿಗಳು ಇಂದು ತರಗತಿಯಲ್ಲಿ ಮೊದಲು ಓದುವ ಕೃತಿಗಳು ಓಲೆಗರಿಯಿಂದ ಮುದ್ರಣಕ್ಕೆ ಬಂದ ಕಾಲವದು.

ಮೈಸೂರು ಸಂಸ್ಥಾನದ ಎಲ್ಲ ಜಿಲ್ಲೆಗಳ ಸಂಪುಟಗಳು 1905ರ ಹೊತ್ತಿಗೆ ಮುಗಿದವು. ಒಟ್ಟು 12 ಸಂಪುಟ, 8869 ಶಾಸನ. ಕೆಲವು ಸಂಪುಟಗಳು ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ ಅಚ್ಚಾದವು. ಈ ಕೆಲಸದಲ್ಲಿ ಕಲ್ಲು ತೊಳೆದವರ, ನಕಲು ಮಾಡಿದವರ ಹೆಸರುಗಳು ಜನರ ನೆನಪಿನಲ್ಲಿ ಉಳಿಯಲಿಲ್ಲ. ಉಳಿದದ್ದು ಮುಖ್ಯವಾಗಿ ಒಬ್ಬರದು. ಶ್ರೀರಂಗಪಟ್ಟಣದ ಬಳಿಯ ಕೊಪ್ಪಲಿನವರಾದ ಆರ್. ನರಸಿಂಹಾಚಾರ್ಯರು 1899ರಲ್ಲಿ ರೈಸ್ ಅವರ ಸಹಾಯಕರಾಗಿ ಸೇರಿ, 1906ರಲ್ಲಿ ಅವರು ನಿವೃತ್ತರಾದಾಗ ಅದೇ ಸ್ಥಾನಕ್ಕೆ ಬಂದರು. ಗುರುವಿನ ಕೆಲಸವನ್ನು ಶಿಷ್ಯ ತಿದ್ದಿದ್ದೂ ಉಂಟು. ಶ್ರವಣಬೆಳಗೊಳದಲ್ಲಿ ರೈಸ್ ಕಂಡದ್ದು 144 ಶಾಸನ. ನರಸಿಂಹಾಚಾರ್ಯರ 1923ರ ಪರಿಷ್ಕೃತ ಸಂಪುಟದಲ್ಲಿ ಅವು 500 ಆದವು. ಕರ್ಣಾಟಕ ಕವಿಚರಿತೆ ಬರೆದ ಆ ಮಹನೀಯರು ಮಂಡ್ಯ ಜಿಲ್ಲೆಯ ಮಣ್ಣಿನವರು ಎಂಬುದನ್ನು ಇಲ್ಲಿಯವರೇ ಮರೆತಿದ್ದಾರೆ.

ನಿವೃತ್ತಿಯ ಸಮಯದಲ್ಲಿ ರೈಸ್ ಅವರಿಗೆ 69 ವರ್ಷ. 46 ವರ್ಷ ಇಲ್ಲಿ ದುಡಿದು ಇಂಗ್ಲೆಂಡಿಗೆ ಹೋದರು. ಸುಮ್ಮನೆ ಕೂರಲಿಲ್ಲ. ಶಾಸನಗಳಿಂದ ತಿಳಿದ ಮೈಸೂರು ಮತ್ತು ಕೊಡಗಿನ ಚರಿತ್ರೆಯನ್ನು ಒಂದೇ ಪುಸ್ತಕವಾಗಿ ಬರೆದು 1909ರಲ್ಲಿ ಪ್ರಕಟಿಸಿದರು. ಲಂಡನ್ ಸಮೀಪದ ಹ್ಯಾರೋದಲ್ಲಿ 1927ರ ಜುಲೈ 10ರಂದು ನಿಧನರಾದರು. ತೊಂಬತ್ತು ತುಂಬಲು ಇನ್ನೊಂದೇ ವಾರ ಉಳಿದಿತ್ತು.

ಅವರು ಆರಂಭಿಸಿದ ಸಂಪುಟಗಳನ್ನು ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ 1972ರಿಂದ ಪರಿಷ್ಕರಿಸಿ ಹೊರತರಲು ತೊಡಗಿತು. ನಾಗಮಂಗಲ, ಮಂಡ್ಯ, ಮದ್ದೂರು, ಮಳವಳ್ಳಿಗಳಿಗೆ ಸೇರಿದ ಏಳನೆಯ ಸಂಪುಟ 1979ರಲ್ಲಿ ಬಂತು. ರೈಸ್ ಕಾಲದಲ್ಲಿ ಕಣ್ಣಿಗೆ ಬೀಳದ ಹಲವು ಕಲ್ಲುಗಳು ಅದರಲ್ಲಿ ಸೇರಿವೆ. ಬೆಂಗಳೂರು ಸುತ್ತಮುತ್ತ ರೈಸ್ ದಾಖಲಿಸಿದ ಶಾಸನಗಳನ್ನು ಮತ್ತೆ ಹುಡುಕಿ ಮೂರು ಆಯಾಮದ ಸ್ಕ್ಯಾನ್ ಮಾಡುವ ಕೆಲಸವನ್ನು ಮಿಥಿಕ್ ಸೊಸೈಟಿ 2021ರಲ್ಲಿ ಕೈಗೆತ್ತಿಕೊಂಡಿತು. ಹುಡುಕಿ ಹೋದೆಡೆ ಬಡಾವಣೆ ಎದ್ದು, ಕಲ್ಲು ಕಾಣೆಯಾಗಿ, ಪುಸ್ತಕದಲ್ಲಿನ ಪಾಠ ಮಾತ್ರ ಉಳಿದ ಉದಾಹರಣೆಗಳು ಸಾಕಷ್ಟು. ಆತಕೂರಿನ ನಾಯಿಯ ಕಲ್ಲಿಗೆ ಆ ಗತಿ ಬರಲಿಲ್ಲ. ಅದು ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದ ಸಂಗ್ರಹದಲ್ಲಿದೆ. ಮಣಲೇರ ವಿಧಿಸಿದ ಪೂಜೆ ನಿಂತು ಎಷ್ಟು ಕಾಲವಾಯಿತೋ, ಆದರೆ ಕಾಳಿಯೂ ಹಂದಿಯೂ ಕಲ್ಲಿನ ಮೇಲೆ ಇನ್ನೂ ಕಾದಾಡುತ್ತಿವೆ.